ವರ್ಷಕ್ಕೆ ನಾನೂರು ದಿನ

ಹವಳದ ಜೀವಿ ತನ್ನ ಸುಣ್ಣದ ಗೂಡಿನ ಮೇಲೆ ದಿನಕ್ಕೊಂದು ಸೂಕ್ಷ್ಮ ಗೆರೆ ಮೂಡಿಸುತ್ತ ಬೆಳೆಯುತ್ತದೆ. ಋತುಮಾನಕ್ಕೆ ತಕ್ಕಂತೆ ಬೆಳವಣಿಗೆ ಏರಿಳಿಯುವುದರಿಂದ ವರ್ಷದ ಪಟ್ಟೆಯೂ ಕಾಣುತ್ತದೆ. ಈಗಿನ ಹವಳದಲ್ಲಿ ಒಂದು ಪಟ್ಟೆಗೆ ಸುಮಾರು 360 ಗೆರೆಗಳು. ಅಮೆರಿಕದ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಸುಮಾರು 40 ಕೋಟಿ ವರ್ಷ ಹಿಂದಿನ, ಡೆವೋನಿಯನ್ ಎಂಬ ಯುಗದ ಹವಳಗಳಲ್ಲಿ ಎಣಿಸಿ ನೋಡಿದರು. ಸಿಕ್ಕಿದ್ದು ಸುಮಾರು 400! ಅವರು ಇದನ್ನು ಪ್ರಕಟಿಸಿದ್ದು 1963ರಲ್ಲಿ.

ಎಣಿಕೆಯೇನೂ ತಪ್ಪಿರಲಿಲ್ಲ. ಚಂದ್ರನ ಸೆಳೆತಕ್ಕೆ ಏಳುವ ಉಬ್ಬರವಿಳಿತಗಳು ಭೂಮಿಯ ತಿರುಗಾಟವನ್ನು ತುಸುತುಸುವೇ ನಿಧಾನಗೊಳಿಸುತ್ತ ಬಂದಿವೆ. ಸೂರ್ಯನನ್ನು ಸುತ್ತಿಬರುವ ಕಾಲ ಆಗಲೂ ಹೆಚ್ಚುಕಡಿಮೆ ಇಷ್ಟೇ. ಆದರೆ ದಿನ ಮುಗಿಯುತ್ತಿದ್ದದ್ದು ಸುಮಾರು 22 ಗಂಟೆಗೆ. ಹಾಗಾಗಿ ವರ್ಷಕ್ಕೆ ದಿನಗಳು ಹೆಚ್ಚು.

ಸರಿ, ಆ ಹವಳಕ್ಕೆ 40 ಕೋಟಿ ವರ್ಷದ ಹತ್ತಿರ ವಯಸ್ಸು ಎಂದು ಹೇಳಿದವರು ಯಾರು?

ಮೊದಲು ಗೊತ್ತಾದದ್ದು ಹಿರಿಯ–ಕಿರಿಯ ಅನ್ನುವ ಕ್ರಮ ಮಾತ್ರ. ಕೆಳಗಿನ ಪದರ ಮೊದಲು ಕೂತದ್ದು, ಮೇಲಿನದು ಆಮೇಲಿನದು ಎಂದು ಡೆನ್ಮಾರ್ಕಿನ ವಿಜ್ಞಾನಿ ನಿಕೊಲಸ್ ಸ್ಟೆನೊ 1669ರಲ್ಲೇ ಬರೆದಿದ್ದ. ಕಾಲುವೆ ತೋಡುವ ಕಡೆ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್, ಒಂದೊಂದು ಪದರಕ್ಕೂ ಅದರದೇ ಪಳೆಯುಳಿಕೆಗಳಿರುವುದನ್ನು ಗಮನಿಸಿ, ಆ ಗುರುತು ಹಿಡಿದು 1815ರಲ್ಲಿ ಇಂಗ್ಲೆಂಡಿನ ಶಿಲಾನಕ್ಷೆಯನ್ನೇ ಹೊರತಂದ. ಆದರೂ ವಯಸ್ಸು ಎಷ್ಟು ಎಂದರೆ ಉತ್ತರವಿರಲಿಲ್ಲ.

ಉತ್ತರ ಬಂದದ್ದು ವಿಕಿರಣದಿಂದ. ಪದರಗಳ ನಡುವೆ ಸಿಕ್ಕಿಕೊಂಡ ಜ್ವಾಲಾಮುಖಿಯ ಬೂದಿಯಲ್ಲಿ ಜಿರ್ಕಾನ್ ಎಂಬ ಪುಟ್ಟ ಹರಳುಗಳಿರುತ್ತವೆ. ರೂಪುಗೊಳ್ಳುವಾಗ ಜಿರ್ಕಾನ್ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಈಗ ಒಳಗೆ ಸೀಸ ಇದೆಯೆಂದರೆ ಅದು ಬಹುಪಾಲು ಯುರೇನಿಯಂ ವಿಕಿರಣ ಸೂಸುತ್ತ ಬದಲಾಗಿ ಆದದ್ದೇ. ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ಬೂದಿ ಬಿದ್ದ ಕಾಲ ಸಿಗುತ್ತದೆ. ಮೇಲೊಂದು, ಕೆಳಗೊಂದು ಬೂದಿಯ ಪದರವಿದ್ದರೆ ನಡುವಿನ ಹವಳ ತಪ್ಪಿಸಿಕೊಳ್ಳುವಂತಿಲ್ಲ.

ನನಗೆ ಇಷ್ಟವಾಗುವುದು ಈ ಎರಡು ಗಡಿಯಾರಗಳ ಅಪರಿಚಯ. ಹವಳದ ಗೆರೆಗೂ ಹರಳಿನೊಳಗಿನ ಪರಮಾಣುವಿಗೂ ಯಾವ ನಂಟೂ ಇಲ್ಲ. ಆದರೂ ಭೂಮಿ ನಿಧಾನವಾಗುತ್ತ ಬಂದ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ, ಎರಡರ ಸಾಕ್ಷ್ಯ ಒಂದಕ್ಕೊಂದು ಹೊಂದುತ್ತದೆ.

ಭೂಮಿಯ ಶಿಲೆಗಳನ್ನು ಪುಸ್ತಕಕ್ಕೆ ಹೋಲಿಸುವ ರೂಢಿಯಿದೆ. ಪುಸ್ತಕಕ್ಕಾದರೆ ಪುಟಸಂಖ್ಯೆ ಇರುತ್ತದೆ, ಹಾಳೆ ಕಿತ್ತುಹೋದದ್ದು ತಿಳಿಯುತ್ತದೆ. ಕಲ್ಲಿನಲ್ಲಿ ಅದನ್ನು ಹುಡುಕಿ ಕಂಡುಕೊಳ್ಳಬೇಕು. ಸ್ಕಾಟ್ಲೆಂಡಿನ ಕಡಲಂಚಿನ ಸಿಕ್ಕರ್ ಪಾಯಿಂಟ್‌ಗೆ ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ದೋಣಿಯಲ್ಲಿ ಹೋದಾಗ ಕಂಡದ್ದು ಅದೇ. ಕೆಳಗೆ ನೆಟ್ಟಗೆ ನಿಂತ ಬೂದುಬಣ್ಣದ ಪದರಗಳು, ಅವುಗಳ ಸವೆದ ನೆತ್ತಿಯ ಮೇಲೆ ತುಸು ವಾಲಿ ಮಲಗಿದ ಕೆಂಪು ಮರಳುಗಲ್ಲು. ಕಡಲತಳದ ಮರಳು ಕಲ್ಲಾಗಿ, ಮಡಚಿ ಮೇಲೆದ್ದು, ಸವೆದುಹೋದ ಮೇಲಷ್ಟೇ ಕೆಂಪು ಮರಳು ಬಂದು ಕೂತಿರಬೇಕು. ನಡುವೆ ಕಳೆದದ್ದು ಆರು ಕೋಟಿ ವರ್ಷಕ್ಕೂ ಹೆಚ್ಚು. ಎರಡೂ ಸೇರುವ ಗೆರೆಯನ್ನು ಒಂದು ಅಂಗೈಯಿಂದ ಮುಚ್ಚಬಹುದು.