ವಾಂಗ್ ಯಾಂಗ್‌ಮಿಂಗ್: ಒಮ್ಮೆ ಬ್ಯಾನ್ ಆಗಿದ್ದ ಮಾತು ಇವತ್ತು ಚೀನಾದ ಸರ್ಕಾರಿ ಭಾಷಣಕ್ಕೆ ಬಂದಿದ್ದು ಹೇಗೆ

ಶಿ ಜಿನ್‌ಪಿಂಗ್ ತಮ್ಮ ಪಾರ್ಟಿಯವರಿಗೆ ಬುದ್ಧಿ ಹೇಳುವಾಗ "ತಿಳಿಯೋದು, ಮಾಡೋದು ಎರಡೂ ಒಂದೇ" ಅನ್ನೋ ಮಾತನ್ನ ಆಗಾಗ ತರ್ತಾರೆ. ಅದು ಮಿಂಗ್ ರಾಜವಂಶದ ಕಾಲದ ತತ್ವಜ್ಞಾನಿ ವಾಂಗ್ ಯಾಂಗ್‌ಮಿಂಗ್ ಅವರದ್ದು. ಅವ್ರು ಸತ್ತ ವರ್ಷನೇ ಚಕ್ರವರ್ತಿಯ ಆಸ್ಥಾನ ಅವರ ಬೋಧನೆಯನ್ನ ಸುಳ್ಳು ವಿದ್ಯೆ ಅಂತ ನಿಷೇಧಿಸಿತ್ತು.

ವಾಂಗ್ ಹುಟ್ಟಿದ್ದು 1472ರಲ್ಲಿ, ಝೆಜಿಯಾಂಗ್‌ನ ಯುಯಾವ್‌ನಲ್ಲಿ. ಆಗ ಸರ್ಕಾರಿ ಹುದ್ದೆ ಬೇಕಂದ್ರೆ ಪರೀಕ್ಷೆ ಪಾಸಾಗ್ಬೇಕು, ಪರೀಕ್ಷೆಗೆ 12ನೇ ಶತಮಾನದ ಪಂಡಿತ ಝು ಶಿ ಕನ್ಫ್ಯೂಷಿಯಸ್ ಗ್ರಂಥಗಳಿಗೆ ಬರೆದ ಭಾಷ್ಯಗಳೇ ಸಿಲಬಸ್. ಒಂದೊಂದೇ ವಸ್ತುವಿನ ಒಳಗಿನ ತತ್ವ ಹುಡುಕ್ತಾ ಹೋಗಿ, ಜ್ಞಾನ ಬರುತ್ತೆ ಅನ್ನೋದು ಝು ಶಿ ದಾರಿ. ಯುವಕ ವಾಂಗ್ ಅದನ್ನ ನಂಬಿ ಏಳು ದಿನ ಬಿದಿರಿನ ಮುಂದೆ ಕೂತ್ರು, ಏನೂ ಹೊಳೀಲಿಲ್ಲ, ಕಾಯಿಲೆ ಬಿದ್ರು.

ಆದ್ರೂ 1499ರಲ್ಲಿ ಪರೀಕ್ಷೆ ಪಾಸಾಗಿ ಅಧಿಕಾರಿಯಾದ್ರು. 1506ರಲ್ಲಿ ಲಿಯು ಜಿನ್ ಅನ್ನೋ ನಪುಂಸಕ ಅಧಿಕಾರಿ ಆಸ್ಥಾನವನ್ನ ಕೈಯಲ್ಲಿ ಹಿಡ್ಕೊಂಡು ಎದುರಾಡಿದವರನ್ನ ಜೈಲಿಗೆ ಹಾಕ್ತಿದ್ದ. ಹಾಗೆ ಜೈಲಿಗೆ ಹೋದವರ ಪರವಾಗಿ ವಾಂಗ್ ಅರ್ಜಿ ಬರೆದ್ರು, ಅದಕ್ಕೆ ಸಿಕ್ಕಿದ್ದು ಛಡಿಯೇಟು, ಆಮೇಲೆ ದೂರದ ಗುಯಿಝೌ ಬೆಟ್ಟಗಳಲ್ಲಿ ಲಾಂಗ್‌ಚಾಂಗ್ ಅನ್ನೋ ಅಂಚೆ ಠಾಣೆಯ ಕೆಲಸ. ಅಲ್ಲಿ ಗುಹೆಯಲ್ಲೂ ಇದ್ರು. ಜೊತೆಗೆ ಬಂದ ಆಳುಗಳು ಜ್ವರ ಬಂದು ಮಲಗಿದಾಗ ವಾಂಗ್ ತಾವೇ ಸೌದೆ ಒಡೆದು, ನೀರು ಹೊತ್ತು, ಗಂಜಿ ಕಾಯಿಸಿ ಕುಡಿಸಿದ್ರು, ಅವರ ಮನಸ್ಸು ಕುಗ್ಗದ ಹಾಗೆ ಹಾಡೂ ಹೇಳ್ತಿದ್ರಂತೆ. ನನಗಂತೂ ಅವರ ತತ್ವ ಪೂರ್ತಿ ಇಲ್ಲೇ ಇದೆ ಅನ್ಸುತ್ತೆ.

1508ರಲ್ಲಿ ಒಂದು ರಾತ್ರಿ ಅವರಿಗೆ ಹೊಳೆದದ್ದು ಇಷ್ಟು, ತತ್ವ ಹೊರಗಿನ ವಸ್ತುವಿನಲ್ಲಿಲ್ಲ, ನಮ್ಮ ಮನಸ್ಸಲ್ಲೇ ಇದೆ. ಒಳ್ಳೇದು ಕೆಟ್ಟದ್ದು ಗುರುತಿಸೋ ಶಕ್ತಿ ಎಲ್ಲರಲ್ಲೂ ಹುಟ್ಟಿನಿಂದಲೇ ಇರುತ್ತೆ. ಕೆಟ್ಟ ವಾಸನೆ ಗೊತ್ತಾದ ಕ್ಷಣವೇ ಅಸಹ್ಯ ಆಗುತ್ತಲ್ಲ, ಹಾಗೆ ತಿಳಿದ ಮೇಲೂ ಮಾಡ್ತಿಲ್ಲ ಅಂದ್ರೆ ನಿಜವಾಗಿ ತಿಳಿದೇ ಇಲ್ಲ ಅಂತರ್ಥ. ಹೀಗಂದ್ರೆ ಓದು ಬರಹ ಇಲ್ಲದವನೂ ಸಂತ ಆಗಬಹುದು, ಪಂಡಿತರಿಗೆ ಸಿಟ್ಟು ಬರದೇ ಇರುತ್ತಾ?

ಲಿಯು ಜಿನ್‌ಗೆ 1510ರಲ್ಲಿ ಮರಣದಂಡನೆ ಆಯ್ತು, ವಾಂಗ್ ಮತ್ತೆ ಮೇಲೆ ಬಂದ್ರು. ದಕ್ಷಿಣ ಜಿಯಾಂಗ್ಶಿಯಲ್ಲಿ ದರೋಡೆಕೋರರನ್ನ ಅಡಗಿಸಿದ್ರು, ಹತ್ತತ್ತು ಮನೆ ಒಟ್ಟು ಸೇರಿಸಿ ಒಬ್ಬರ ಮೇಲೊಬ್ಬರು ಕಣ್ಣಿಡೋ ವ್ಯವಸ್ಥೆಯನ್ನೂ ತಂದ್ರು. ಇದು ನನಗೆ ಹಿಡಿಸಲ್ಲ, ಮನಸ್ಸಾಕ್ಷಿ ಬಗ್ಗೆ ಅಷ್ಟು ಹೇಳಿದವರು ಅಕ್ಕಪಕ್ಕದವರ ಕಾವಲನ್ನ ಯಾಕೆ ನಂಬಿದ್ರು? 1519ರಲ್ಲಿ ಚಕ್ರವರ್ತಿ ಮನೆತನದ ನಿಂಗ್ ರಾಜಕುಮಾರ ದಂಗೆ ಎದ್ದಾಗ ಸುಮಾರು 40 ದಿನದೊಳಗೆ ಹಿಡಿದುಹಾಕಿದ್ರು, ಆದ್ರೂ ಆಸ್ಥಾನದಲ್ಲಿ ವಾಂಗ್ ಮೇಲೆ ಅನುಮಾನವೇ ಗಂಟುಬಿತ್ತು. 1529ರ ಜನವರಿಯಲ್ಲಿ ಗುವಾಂಗ್ಶಿಯಿಂದ ವಾಪಸ್ ಬರ್ತಾ ದೋಣಿಯಲ್ಲೇ ತೀರಿಕೊಂಡ್ರು. ಬೋಧನೆ ನಿಷೇಧ ಆಗಿದ್ದ ಅದೇ ವಾಂಗ್‌ಗೆ 1584ರಲ್ಲಿ ಕನ್ಫ್ಯೂಷಿಯಸ್ ದೇಗುಲದಲ್ಲಿ ಗೌರವದ ಸ್ಥಾನ ಸಿಕ್ತು.

ಆಮೇಲೆ ಆಳೋರು ಶಿಸ್ತು, ಕ್ರಿಯೆ ಅನ್ನೋ ಭಾಗ ತಗೊಂಡ್ರು, ಎದುರು ನಿಂತವರು ಮನಸ್ಸಾಕ್ಷಿ ತಗೊಂಡ್ರು. ತೈವಾನ್ ಆಳ್ತಿದ್ದ ಚಿಯಾಂಗ್ ಕೈ ಶೆಕ್ 1950ರಲ್ಲಿ ತೈಪೆ ಪಕ್ಕದ ಬೆಟ್ಟಕ್ಕೇ ಯಾಂಗ್‌ಮಿಂಗ್ ಹೆಸರಿಟ್ರು. ಜಪಾನಿನ ಒಸಾಕಾದಲ್ಲಿ ಓಶಿಯೊ ಹೇಹಾಚಿರೊ, ಒಂದು ಕಾಲದ ಪೊಲೀಸ್ ಅಧಿಕಾರಿ, ವಾಂಗ್ ವಿಚಾರ ಕಲಿಸ್ತಿದ್ದವರು, ಬರಗಾಲದಲ್ಲಿ ಜನ ಸಾಯೋದು ನೋಡಕ್ಕಾಗದೆ ತಮ್ಮ ಪುಸ್ತಕ ಎಲ್ಲಾ ಮಾರಿ ಹಸಿದವರಿಗೆ ಹಂಚಿದ್ರು. 1837ರಲ್ಲಿ ಶಿಷ್ಯರು, ರೈತರನ್ನ ಕಟ್ಕೊಂಡು ವ್ಯಾಪಾರಿಗಳ ವಿರುದ್ಧ, ಸರ್ಕಾರದ ವಿರುದ್ಧ ದಂಗೆಯೆದ್ರು. ಅವತ್ತೇ ಸೋತ್ರು, ದಂಗೆಯಲ್ಲಿ ಹಚ್ಚಿದ ಬೆಂಕಿಗೆ ಊರಿನ ದೊಡ್ಡ ಭಾಗ ಸುಟ್ಟುಹೋಗಿ ಎಷ್ಟೋ ಬಡವರೂ ಮನೆ ಕಳ್ಕೊಂಡ್ರು.