ಕೊರೋನಾ ಟೈಮಲ್ಲಿ ಇಮಿಗ್ರೇಶನ್ ಡಿಟೆನ್ಶನ್ ಕೇಸ್‌ಗಳು: ನನ್ನ ನೋಟ್ಸ್

ಮೊದ್ಲು ಇದೊಂದು ತಲೇಲಿ ಇಟ್ಕೊಳ್ಳಿ, ಇಮಿಗ್ರೇಶನ್ ಡಿಟೆನ್ಶನ್‌ನಲ್ಲಿ ಇರೋರು ಶಿಕ್ಷೆ ಅನುಭವಿಸ್ತಿರೋ ಕೈದಿಗಳಲ್ಲ. ಅಮೆರಿಕದಲ್ಲಿ ಇದನ್ನ ಸಿವಿಲ್ ಡಿಟೆನ್ಶನ್ ಅಂತಾರೆ, ಗಡೀಪಾರು ಕೇಸ್ ಇತ್ಯರ್ಥ ಆಗೋವರೆಗೂ ಹಿಡಿದಿಟ್ಟಿರೋದು ಅಷ್ಟೆ. ಎಷ್ಟೋ ಕಡೆ ಇಡೋದು ಕೌಂಟಿ (ನಮ್ಮ ಜಿಲ್ಲೆ ತರ) ಜೈಲಲ್ಲೇ, ಅದೇ ಬೀಗ ಅದೇ ಬಂಕ್ ಬೆಡ್ಡು, ಆದ್ರೆ ಕಾನೂನು ಬೇರೆ. ಕೈದಿಗೆ ಅಮೆರಿಕ ಸಂವಿಧಾನದ ಎಂಟನೇ ತಿದ್ದುಪಡಿ, ಅಂದ್ರೆ ಕ್ರೂರ ಶಿಕ್ಷೆ ಕೊಡಬಾರ್ದು. ಇವ್ರಿಗೆ ಐದನೇ ತಿದ್ದುಪಡಿ, ಶಿಕ್ಷೆ ಅನ್ನೋದನ್ನೇ ಕೊಡೋ ಹಾಗಿಲ್ಲ.

2020ರ ಮಾರ್ಚ್‌ನಲ್ಲಿ ಶುಗರ್, ಆಸ್ತಮಾ ಇರೋರ ಪರವಾಗಿ ಹೇಬಿಯಸ್ ಕಾರ್ಪಸ್ (ಹಿಡಿದಿಟ್ಟಿರೋದು ಕಾನೂನಿಗೆ ವಿರುದ್ಧ, ಬಿಡಿಸಿ ಅಂತ ಕೇಳೋ) ಅರ್ಜಿಗಳು ಸಾಲುಸಾಲಾಗಿ ಬಿದ್ವು. ಇನ್ನೂ ಕೊರೋನಾನೇ ಬಂದಿಲ್ವಲ್ಲ, ಆಗ್ಲೇ ಯಾಕೆ ಕೋರ್ಟಿಗೆ ಅಂತ ನಿಮಗೆ ಅನ್ನಿಸ್ಬಹುದು, ನಂಗೂ ಅನ್ನಿಸ್ತು. ಅದಕ್ಕೆ ಉತ್ತರ 1993ರ ಹೆಲ್ಲಿಂಗ್ ಕೇಸಲ್ಲಿದೆ. ಒಬ್ಬ ಕೈದಿ, ಅವನ ಸೆಲ್ಲಲ್ಲೇ ಇದ್ದ ಇನ್ನೊಬ್ಬ ದಿನಕ್ಕೆ 5 ಪ್ಯಾಕ್ ಸಿಗರೇಟ್ ಸೇದೋನು, ಆ ಹೊಗೆಯಿಂದ ಮುಂದೆ ಕಾಯಿಲೆ ಬರುತ್ತೆ ಅಂತ ಈಗ್ಲೇ ಕೇಸ್ ಹಾಕ್ಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಕೊಂಡ್ತು. ಹೊಗೆ ಜಾಗದಲ್ಲಿ ವೈರಸ್ ಇಟ್ಟು ಓದಿ, ಲಾಜಿಕ್ ಅಲ್ಲೇ ಸಿಗುತ್ತೆ.

ಶುರುವಲ್ಲಿ ಕೆಲವು ಜಡ್ಜ್‌ಗಳು ಬಿಟ್ಟೇಬಿಟ್ರು. ಪೆನ್ಸಿಲ್ವೇನಿಯಾದ ಹೋಪ್ ಕೇಸಲ್ಲಿ ಸರ್ಕಾರದ ಮಾತು ಕೇಳೋಕ್ ಮೊದ್ಲೇ 20 ಜನರ ಬಿಡುಗಡೆಗೆ ಆರ್ಡರ್ ಆಯ್ತು. ಆಗಸ್ಟಲ್ಲಿ ಮೇಲ್ಮನವಿ ಕೋರ್ಟ್ ಅದನ್ನ ರದ್ದು ಮಾಡ್ತು, ಒಬ್ಬೊಬ್ಬರ ಆರೋಗ್ಯ, ಹಿನ್ನೆಲೆ ಬೇರೆಬೇರೆ ನೋಡದೆ ಎಲ್ಲರನ್ನೂ ಒಂದೇ ಕಟ್ಟು ಕಟ್ಟಿದ್ದು ತಪ್ಪು ಅಂತ. ಕ್ಯಾಲಿಫೋರ್ನಿಯಾದ ಫ್ರೈಹಾತ್ ಕೇಸ್ ಇನ್ನೂ ದೊಡ್ಡದು, ಇಡೀ ದೇಶದಲ್ಲಿ 55 ದಾಟಿದೋರು, ಗರ್ಭಿಣಿಯರು, ದೀರ್ಘ ಕಾಯಿಲೆಯವ್ರನ್ನ ಗುರುತಿಸಿ ಇವ್ರನ್ನ ಇಟ್ಕೊಳ್ಳೋ ಅಗತ್ಯ ಇದ್ಯಾ ಅಂತ ಮತ್ತೆ ನೋಡಿ ಅಂತ 2020ರ ಏಪ್ರಿಲಲ್ಲಿ ಆರ್ಡರ್, ಅದೂ 2021ರ ಅಕ್ಟೋಬರ್‌ನಲ್ಲಿ ಬಿದ್ದೋಯ್ತು. ಯಾಕಂದ್ರೆ ಅಪಾಯ ಇದೆ ಅಂತ ತೋರಿಸಿದ್ರೆ ಸಾಲಲ್ಲ, ಸರ್ಕಾರ ಗೊತ್ತಿದ್ದೂ ಕ್ಯಾರೇ ಅಂದಿಲ್ಲ ಅಂತ ತೋರಿಸ್ಬೇಕು, ಅವ್ರು ಅಷ್ಟೊತ್ತಿಗೆ ಗೈಡ್‌ಲೈನ್ಸ್ ಹೊರಡಿಸಿದ್ರಲ್ಲ. ಪೇಪರ್ ಮೇಲಿನ ಗೈಡ್‌ಲೈನ್‌ಗೆ ಕೋರ್ಟ್ ಜಾಸ್ತಿನೇ ಬೆಲೆ ಕೊಡ್ತು ಅಂತ ನನ್ನ ಅನಿಸಿಕೆ, ಎಕ್ಸಾಮಲ್ಲಿ ಹಾಗೇ ಬರೀಬೇಡಿ ಮತ್ತೆ.

ನಮ್ಮಲ್ಲಿ ಹೋಲಿಸೋಕೆ ಅಸ್ಸಾಂ. ವಿದೇಶಿ ಅಂತ ಘೋಷಣೆ ಆದೋರನ್ನ ಅಲ್ಲಿ ಜೈಲೊಳಗಿನ ಡಿಟೆನ್ಶನ್ ಸೆಂಟರಲ್ಲಿ ಇಡ್ತಿದ್ರು. 3 ವರ್ಷ ಆದ್ಮೇಲೆ ತಲಾ 1 ಲಕ್ಷದ ಇಬ್ಬರು ಜಾಮೀನುದಾರರ ಮೇಲೆ ಬಿಡಿ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ಏಪ್ರಿಲ್ 13ರಂದು ಕೊರೋನಾ ಕಾರಣಕ್ಕೆ ಅದು 2 ವರ್ಷಕ್ಕೆ ಇಳೀತು, 1 ಲಕ್ಷ ಇದ್ದಿದ್ದು 5 ಸಾವಿರ ಆಯ್ತು.