ರೊಕ್ಕ ಯಾರ ಕಿಸೆಯಿಂದ ಹೋಯ್ತು?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯವರು, ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಯವರು ಈಗ ಒಬ್ಬೊಬ್ಬರಾಗಿ ಲೆಕ್ಕವನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೇಲೆ ನಡೆಯುವ ಸಾಫ್ಟ್‌ವೇರ್‌ಗೆ, ತರುತ್ತಿದ್ದಾರೆ. ಜೊಹೊ ಬುಕ್ಸ್ ಇರಲಿ, ಅಂಥದ್ದೇ ಇನ್ನೊಂದಿರಲಿ, ಮೊಬೈಲ್‌ನಲ್ಲಿ ಬಿಲ್ ಫೋಟೊ ಹೊಡೆದರೆ ಸಾಫ್ಟ್‌ವೇರ್ ತಾನೇ ಓದಿ ತಾರೀಖು, ಮೊತ್ತ, ಅಂಗಡಿ ಹೆಸರು ತುಂಬಿಕೊಳ್ಳುತ್ತದೆ. ಒಳ್ಳೆಯ ಸೌಲಭ್ಯ, ಬಳಸಬೇಕು. ಆದರೂ ತಿಂಗಳ ಕೊನೆಗೆ, ಲೆಕ್ಕ-ತೆರಿಗೆ ನೋಡುವ ನಮ್ಮ ಆಫೀಸಿಗೆ ಬರುವ ಫೋನಿನಲ್ಲಿ ಅದೇ ಮಾತು: "ಸರ್, ಎಲ್ಲಾ ಬಿಲ್ಲಿನ ಫೋಟೊ ಹಾಕೇವ್ರಿ, ಆದ್ರ ಬ್ಯಾಂಕಿಗೆ ತಾಳೆ ಆಗವಲ್ದು."

ಕಾರಣ ಹುಡುಕಿದರೆ ಹೆಚ್ಚಿನ ಸಲ ಒಂದೇ ಕಡೆ ಬಂದು ನಿಲ್ಲುತ್ತದೆ. ಎಷ್ಟು ಖರ್ಚಾಯ್ತು ಅಂತ ಬಿಲ್ ಹೇಳುತ್ತದೆ. ಆ ರೊಕ್ಕ ಯಾರ ಕಿಸೆಯಿಂದ ಹೋಯ್ತು, ಯಾವ ಕೆಲಸಕ್ಕೆ ಹೋಯ್ತು ಅಂತ ಬಿಲ್ಲಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಖರ್ಚು ಮಾಡಿದವರಿಗೆ ಮಾತ್ರ ಅದು ಗೊತ್ತು, ಅವರಿಗೂ ಆ ದಿನ ಗೊತ್ತಿರುತ್ತದೆ, ತಿಂಗಳು ಬಿಟ್ಟು ಕೇಳಿದರೆ "ನೆನಪಿಲ್ರೀ" ಅಂತಾರೆ.

ಒಂದು ಉದಾಹರಣೆ ನೋಡಿ. ಮಾಲೀಕರು ಪೇಟೆಗೆ ಹೋಗಿ ₹2,360ಕ್ಕೆ ವೆಲ್ಡಿಂಗ್ ರಾಡ್ ತಂದರು. ₹2,000 ಮಾಲು, ₹360 ಜಿಎಸ್‌ಟಿ. ತಮ್ಮ ಸ್ವಂತ ಖಾತೆಯಿಂದ ಫೋನ್‌ಪೇ ಮಾಡಿದರು. ಬಿಲ್ ಸ್ಕ್ಯಾನ್ ಆಯಿತು, 'ಪೇಯ್ಡ್ ಥ್ರೂ' (ರೊಕ್ಕ ಯಾವ ಖಾತೆಯಿಂದ ಹೋಯ್ತು) ಅನ್ನುವ ಕಡೆ ಕ್ಯಾಶ್ ಅಂತಲೇ ಇತ್ತು, ಹುಡುಗ ನೋಡದೆ ಸೇವ್ ಒತ್ತಿದ. ಈಗ ಅಂಗಡಿಯ ಗಲ್ಲಾದಿಂದ ರೊಕ್ಕ ಹೋಗಿಲ್ಲ, ಪುಸ್ತಕದಲ್ಲಿ ಮಾತ್ರ ಹೋಗಿದೆ. ಇಂಥವು ಹತ್ತಾರು ಸೇರಿದರೆ ಕ್ಯಾಶ್ ಬಾಕಿ ಮೈನಸ್‌ಗೆ ಇಳಿಯುತ್ತದೆ. ಇಲ್ಲದ ರೊಕ್ಕ ಹೇಗೆ ಖರ್ಚು ಮಾಡಿದಿರಿ ಅಂತ ಅಧಿಕಾರಿ ಕೇಳಿದರೆ ಏನು ಹೇಳುತ್ತೀರಿ? ಸರಿಯಾದ ಎಂಟ್ರಿ ಬಹಳ ಸುಲಭ. ಒಬ್ಬರದೇ ಧಂದೆ ಇದ್ದರೆ ಅದು ಮಾಲೀಕರ ಕ್ಯಾಪಿಟಲ್ ಖಾತೆಗೆ ಜಮಾ. ಪಾಲುದಾರಿಕೆ ಇದ್ದರೆ ಕೊಟ್ಟ ಪಾಲುದಾರರ ಖಾತೆಗೆ. ಕೆಲಸದ ಹುಡುಗ ತನ್ನ ರೊಕ್ಕ ಹಾಕಿದ್ದರೆ ಅವನಿಗೆ ಕೊಡಬೇಕಾದ ಬಾಕಿ, ಮತ್ತು ದಯವಿಟ್ಟು ಅದನ್ನು ಅದೇ ವಾರ ಕೊಟ್ಟುಬಿಡಿ. ಈ ಖಾತೆಗಳು 'ಪೇಯ್ಡ್ ಥ್ರೂ' ಪಟ್ಟಿಯಲ್ಲಿ ಕಾಣುವ ಹಾಗೆ ಮೊದಲೇ ಮಾಡಿಸಿಕೊಳ್ಳಿ. ನಾನು ಹೊಸ ಕಕ್ಷಿದಾರರಿಗೆ ಎಲ್ಲಕ್ಕಿಂತ ಮೊದಲು ಮಾಡಿಸುವ ಕೆಲಸ ಇದೇ.

ಇನ್ನೊಂದು ದೊಡ್ಡ ಗೊಂದಲ ಉದ್ರಿ ಬಿಲ್ಲಿನದು. ಕೊಲ್ಲಾಪುರದ ಕಡೆಯಿಂದ ಎರಕಕ್ಕೆ ಬೇಕಾದ ಪಿಗ್ ಐರನ್ (ಕಚ್ಚಾ ಕಬ್ಬಿಣ) ಬಂತು, ರೊಕ್ಕ ಮುಂದಿನ ತಿಂಗಳು. ಇದನ್ನು 'ಬಿಲ್' ಅಂತ ಹಾಕಬೇಕು. ಆಗಲೇ ರೊಕ್ಕ ಕೊಟ್ಟಾಗಿದ್ದರೆ 'ಎಕ್ಸ್‌ಪೆನ್ಸ್'. ಇಷ್ಟೇ ವ್ಯತ್ಯಾಸ. ಆದರೆ ಮುಂದಿನ ತಿಂಗಳು ಆರ್‌ಟಿಜಿಎಸ್ ಮಾಡಿದಾಗ ಬ್ಯಾಂಕ್ ಫೀಡ್‌ನಲ್ಲಿ (ಬ್ಯಾಂಕಿನಿಂದ ಸಾಫ್ಟ್‌ವೇರ್‌ಗೆ ತಾನೇ ಬರುವ ವ್ಯವಹಾರದ ಪಟ್ಟಿಯಲ್ಲಿ) ಒಂದು ಸಾಲು ಬರುತ್ತದೆ, ಅದನ್ನು ಹಳೆಯ ಬಿಲ್ಲಿಗೆ 'ಮ್ಯಾಚ್' ಮಾಡುವ ಬದಲು ಯಾರೋ ಅವಸರದಲ್ಲಿ ಮತ್ತೊಮ್ಮೆ ಕಚ್ಚಾ ಮಾಲಿನ ಖರ್ಚು ಅಂತ ಹಾಕಿಬಿಡುತ್ತಾರೆ. ಖರ್ಚು ಎರಡು ಸಲ ಆಯಿತು, ಲಾಭ ಕಡಿಮೆ ಕಂಡಿತು, ಮಾಲು ಕೊಟ್ಟವರ ಬಾಕಿ ಹಾಗೇ ಉಳಿಯಿತು. ಒಂದೇ ಬಿಲ್ ಎರಡು ಸಲ ಬಂದರೆ ಸಾಫ್ಟ್‌ವೇರ್ ಎಚ್ಚರಿಸಬಹುದು, ಆದರೆ ಬಿಲ್ ನಂಬರ್ ಎರಡೂ ಸಲ ಒಂದೇ ಥರ ಬರೆದಿದ್ದರೆ ಮಾತ್ರ. ಒಮ್ಮೆ 045, ಇನ್ನೊಮ್ಮೆ 45 ಅಂತ ಬರೆದರೆ ಅದಕ್ಕೆ ಅವು ಬೇರೆ ಬೇರೆ ಬಿಲ್. ನಂಬರ್ ಹೇಗಿದೆಯೋ ಹಾಗೆ ಬರೆಯಿರಿ.

ಸ್ಕ್ಯಾನ್ ಆದ ಮೇಲೆ ತಾರೀಖು ಒಮ್ಮೆ ಕಣ್ಣಿಂದ ನೋಡಿ. 03/04 ಅನ್ನೋದನ್ನು ಏಪ್ರಿಲ್ 3ರ ಬದಲು ಮಾರ್ಚ್ 4 ಅಂತ ಓದಿದರೆ ಬಿಲ್ ಹಿಂದಿನ ಆರ್ಥಿಕ ವರ್ಷಕ್ಕೆ ಹೋಗಿ ಕೂರುತ್ತದೆ. ಕೈಬರಹದ ಬಿಲ್ಲುಗಳನ್ನಂತೂ ನೀವೇ ಟೈಪ್ ಮಾಡುವುದು ವಾಸಿ.

ಜಿಎಸ್‌ಟಿ ವಿಷಯದಲ್ಲಿ ಗಡಿ ಊರಿನವರು ಸ್ವಲ್ಪ ಜಾಸ್ತಿ ಎಚ್ಚರ ಇರಬೇಕು. ನಮ್ಮ ರಾಜ್ಯದ ಜಿಎಸ್‌ಟಿ ನಂಬರ್ 29ರಿಂದ ಶುರು, ಮಹಾರಾಷ್ಟ್ರದ್ದು 27, ಗೋವಾದ್ದು 30. ಆ ನಂಬರ್ ನೋಡಿಯೇ ಸಾಫ್ಟ್‌ವೇರ್ ಐಜಿಎಸ್‌ಟಿ (ಹೊರ ರಾಜ್ಯದ ವ್ಯವಹಾರದ ತೆರಿಗೆ) ಹಾಕಬೇಕೋ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ (ಒಂದೇ ರಾಜ್ಯದೊಳಗಿನದು) ಹಾಕಬೇಕೋ ತೀರ್ಮಾನಿಸುತ್ತದೆ. ಆದರೆ ಪುಣೆಗೆ ಹೋಗಿ ಲಾಡ್ಜ್‌ನಲ್ಲಿ ಉಳಿದಿದ್ದರೆ? ಉಳಿದ ಜಾಗ ಮಹಾರಾಷ್ಟ್ರ, ಹಾಗಾಗಿ ಅವರು ಅಲ್ಲಿನ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಿರುತ್ತಾರೆ. ಕರ್ನಾಟಕದ ನೋಂದಣಿ ಇರುವ ನಿಮಗೆ ಅದರ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆಯಲು ಬರುವುದಿಲ್ಲ. ತೆರಿಗೆ ಸೇರಿ ಇಡೀ ಮೊತ್ತವನ್ನು ಪ್ರಯಾಣ ಖರ್ಚಿಗೆ ಹಾಕಿ. ಇಲ್ಲಿಯ ಅಂಗಡಿಯ ಬಿಲ್ ಆದರೂ ಕ್ರೆಡಿಟ್ ಬೇಕಿದ್ದರೆ ಅದರ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಇರಲೇಬೇಕು. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ್ದಾರಾ ಅಂತ ಪ್ರತಿ ತಿಂಗಳು 14ಕ್ಕೆ ಬರುವ ಜಿಎಸ್‌ಟಿಆರ್-2ಬಿ (ನಿಮಗೆ ಸಿಗುವ ಕ್ರೆಡಿಟ್‌ನ ಪಟ್ಟಿ) ಜೊತೆ ತಾಳೆ ನೋಡಿ. 20ನೇ ತಾರೀಖು ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್) ಹಾಕುವವರಿಗೆ ಸಿಗುವುದು ಆರು ದಿನ. ಬಿಲ್ಲುಗಳು ಆಗಿಂದಾಗಲೇ ಎಂಟ್ರಿ ಆಗಿದ್ದರೆ ಅಷ್ಟು ದಿನ ಸಾಕು, ಇಲ್ಲದಿದ್ದರೆ ಬಿಲ್ ಹುಡುಕುವುದರಲ್ಲೇ ಕಳೆಯುತ್ತದೆ.

ಫೌಂಡ್ರಿಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿ ಇಲ್ಲದವರಿಂದ ಲೋಹದ ಸ್ಕ್ರ್ಯಾಪ್ ಕೊಂಡರೆ ತೆರಿಗೆ ಕಟ್ಟುವ ಹೊಣೆ ಕೊಂಡವರದು. ಗುಜರಿಯವರು ಕೊಡುವ ಚೀಟಿಯಲ್ಲಿ ಜಿಎಸ್‌ಟಿ ಇರುವುದಿಲ್ಲ, ಹಾಗಾಗಿ ಸುಮ್ನೆ ಖರೀದಿ ಅಂತ ಹಾಕಿ ಮುಂದೆ ಹೋಗುವವರು ಬಹಳ ಜನ. ಆ ಎಂಟ್ರಿಯಲ್ಲಿ 'ರಿವರ್ಸ್ ಚಾರ್ಜ್' ಟಿಕ್ ಮಾಡಬೇಕು, ನಿಮ್ಮ ಹೆಸರಿನಲ್ಲೇ ಇನ್‌ವಾಯ್ಸ್ ಮಾಡಿಕೊಳ್ಳಬೇಕು, 18% ತೆರಿಗೆಯನ್ನು ಕ್ರೆಡಿಟ್‌ನಿಂದ ಕಳೆಯದೆ ರೊಕ್ಕವಾಗಿ ಕಟ್ಟಬೇಕು. ಕಟ್ಟಿದ್ದನ್ನು ಆಮೇಲೆ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು. ಬಿಟ್ಟರೆ ಮುಂದೆ ಬಡ್ಡಿ ಸಮೇತ ಬರುತ್ತದೆ.

ನಗದಿನ ಬಗ್ಗೆ: ಒಂದೇ ದಿನ ಒಬ್ಬರಿಗೇ ₹10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ಲಾರಿ ಬಾಡಿಗೆಗೆ ಮಿತಿ ₹35,000. ₹28,000ದ ಬಿಲ್ಲಿಗೆ ಮೂರು ರಸೀದಿ ಮಾಡಿಸಿದರೂ ದಿನ ಒಂದೇ, ಮನುಷ್ಯ ಒಬ್ಬನೇ, ಎಲ್ಲಾ ಸೇರಿಸಿಯೇ ಎಣಿಸುತ್ತಾರೆ. ಹಾಗೇ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಸಣ್ಣ ತಯಾರಕರ ಬಾಕಿಯನ್ನು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾಗಿ ವರ್ಷ ದಾಟಿದರೆ ಆ ಖರ್ಚು ಕೊಟ್ಟ ವರ್ಷಕ್ಕೆ ಸೇರುತ್ತದೆ. ಎರಕಕ್ಕೆ ಪ್ಯಾಟರ್ನ್ (ಮಾದರಿ) ಮಾಡುವವರು, ಮಷಿನ್ ಶಾಪ್‌ನವರು, ನಮ್ಮಲ್ಲಿ ಅಂಥವರೇ ಜಾಸ್ತಿ ಅಲ್ವಾ? ಬಿಲ್ಲಿನಲ್ಲಿ ಕೊನೆಯ ದಿನ ಸರಿಯಾಗಿ ಹಾಕಿದ್ದರೆ ಸಾಫ್ಟ್‌ವೇರ್ ಗಡುವು ಮೀರಿದ್ದನ್ನು ಬೇರೆಯಾಗಿ ತೋರಿಸುತ್ತದೆ.

ಮೂಲ ಕಾಗದ ಎಸೆಯಬೇಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಅಂದರೆ 2024-25ರ ಬಿಲ್ಲುಗಳು 2031ರ ಡಿಸೆಂಬರ್ ತನಕ. ಟೋಲ್, ಪೆಟ್ರೋಲ್ ಬಂಕ್‌ನಲ್ಲಿ ಕೊಡುವ ನುಣುಪು ಕಾಗದದ ರಸೀದಿಯ ಅಕ್ಷರ ಬಿಸಿಲಿಗೆ, ಬೆವರಿಗೆ ಅಳಿಸಿ ಹೋಗುತ್ತದೆ, ಅದರ ಫೋಟೊ ಅವತ್ತೇ ಆಗಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಗಾತ್ರ ತಗ್ಗಿ ಸಣ್ಣ ಅಂಕಿ ಮಸುಕಾಗುತ್ತವೆ.

ಕೊನೆಗೆ, ಸಾಫ್ಟ್‌ವೇರ್‌ನ ಖಾತೆ ಯಾರ ಇಮೇಲ್‌ನಲ್ಲಿದೆ ಅಂತ ಇವತ್ತೇ ನೋಡಿ. ಲೆಕ್ಕ ಬರೆಯುವವರ ಇಮೇಲ್‌ನಲ್ಲಿ ತೆರೆದಿದ್ದರೆ, ಅವರು ಕೆಲಸ ಬಿಟ್ಟ ದಿನ ನಿಮ್ಮ ಲೆಕ್ಕಕ್ಕೆ ನೀವೇ ಹೊರಗಿನವರು. ಮಾಲೀಕತ್ವ ನಿಮ್ಮ ಹೆಸರಲ್ಲಿರಲಿ, ನಮ್ಮಂಥವರಿಗೆ, ಲೆಕ್ಕ ಬರೆಯುವ ದಿವಾಣಜಿಗೆ ಬೇಕಾದಷ್ಟೇ ಅನುಮತಿ ಕೊಡಿ. ವರ್ಷಕ್ಕೊಮ್ಮೆಯಾದರೂ ಇಡೀ ಡೇಟಾ ಮತ್ತು ಬಿಲ್ ಫೋಟೊಗಳನ್ನು ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಕ್ವಿಕ್‌ಬುಕ್ಸ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ 2023ರ ಜನವರಿ ಕೊನೆಗೆ ಭಾರತದಲ್ಲಿ ಸೇವೆ ನಿಲ್ಲಿಸಿದಾಗ ಅದನ್ನು ಬಳಸುತ್ತಿದ್ದವರೆಲ್ಲ ಡೇಟಾ ಹೊರಗೆ ತೆಗೆದುಕೊಂಡು ಬೇರೆ ಕಡೆ ಹೋಗಬೇಕಾಯಿತು. ಇಳಿಸುವಾಗ ಬಿಲ್‌ಗೆ ಜೋಡಿಸಿದ ಫೋಟೊಗಳೂ ಬಂದಿವೆಯಾ ಅಂತ ಒಂದೆರಡು ತೆರೆದು ನೋಡಿ, ಬರೀ ಎಕ್ಸೆಲ್ ಪಟ್ಟಿ ಮಾತ್ರ ಬಂದಿರುವುದೂ ಉಂಟು.